ದೊಡ್ಡದಕ್ಕೆ ದಾರಿ, ಚಿಕ್ಕದಕ್ಕೆ ತಡೆ

ಜೀವಕೋಶವನ್ನು ಸುತ್ತುವರಿದಿರುವ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್. ಅಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ಆದೀತು. ಕೊಬ್ಬಿನ ಜಾತಿಯ ಅಣುಗಳು ಎರಡು ಸಾಲಾಗಿ ನಿಂತು ಇದನ್ನು ಕಟ್ಟಿವೆ: ನೀರಿಗೆ ಒಗ್ಗುವ ತಲೆಗಳು ಹೊರಮೈಗಳತ್ತ, ನೀರನ್ನು ದೂರವಿಡುವ ಬಾಲಗಳು ನಡುವೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ಗಳಿಗೆ ಈ ಪೊರೆ ತಡೆಯೇ ಅಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅವು ತಾವಾಗಿಯೇ ಹಾದುಹೋಗುತ್ತವೆ.

ಅಯಾನುಗಳ ಪಾಡು ಬೇರೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ವಿದ್ಯುದಂಶ ಹೊತ್ತಿರುವುದರಿಂದ ನೀರಿನ ಅಣುಗಳು ಅವನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಆ ನೀರನ್ನು ಕಳಚಿ ಕೊಬ್ಬಿನ ಪದರಕ್ಕೆ ಇಳಿಯಲು ಬೇಕಾದ ಶಕ್ತಿ ಅವುಗಳಲ್ಲಿಲ್ಲ. ಅದಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನಿಂದಾದ ನಾಲೆಗಳಿವೆ. ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಪೊಟ್ಯಾಸಿಯಂ ನಾಲೆ. ಪೊಟ್ಯಾಸಿಯಂ ಅಯಾನಿಗಿಂತ ಸೋಡಿಯಂ ಅಯಾನು ಚಿಕ್ಕದು. ಆದರೂ ಈ ನಾಲೆ ಸಾವಿರಾರು ಪೊಟ್ಯಾಸಿಯಂ ಅಯಾನುಗಳನ್ನು ಬಿಟ್ಟುಕೊಟ್ಟು ಒಂದು ಸೋಡಿಯಂ ನುಸುಳದಂತೆ ತಡೆಯುತ್ತದೆ. ದೊಡ್ಡದು ತೂರುವ ಕಿಂಡಿಯಲ್ಲಿ ಚಿಕ್ಕದೇಕೆ ತೂರುವುದಿಲ್ಲ?

1998ರಲ್ಲಿ ರಾಡರಿಕ್ ಮೆಕಿನನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಇಂಥ ನಾಲೆಯೊಂದರ ರಚನೆಯನ್ನು ಕ್ಷಕಿರಣಗಳ ನೆರವಿನಿಂದ ಬಿಡಿಸಿ ತೋರಿಸಿದಾಗ ಉತ್ತರ ಕಣ್ಣಿಗೆ ಬಿತ್ತು. ನಾಲೆಯ ಅತಿ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಒಳಮುಖವಾಗಿ ಸಾಲುಗಟ್ಟಿವೆ. ಪೊಟ್ಯಾಸಿಯಂ ಸುತ್ತ ನೀರಿನ ಅಣುಗಳು ಎಷ್ಟು ಅಂತರದಲ್ಲಿ ನಿಲ್ಲುತ್ತವೆಯೋ ಅಷ್ಟೇ ಅಂತರದಲ್ಲಿ ಅವು ನಿಂತಿವೆ. ಹಾಗಾಗಿ ಪೊಟ್ಯಾಸಿಯಂ ತನ್ನ ನೀರನ್ನು ಬಿಟ್ಟು ಒಳಗೆ ಬಂದರೂ ಕಳೆದುಕೊಂಡ ಆಸರೆ ಅಲ್ಲೇ ಸಿಗುತ್ತದೆ. ಸೋಡಿಯಂ ಚಿಕ್ಕದಾದ್ದರಿಂದ ಆ ಪರಮಾಣುಗಳು ಅದಕ್ಕೆ ಎಟುಕುವುದಿಲ್ಲ. ಅದಕ್ಕೆ ಹೊರಗಿನ ನೀರೇ ಲೇಸು. ಇಷ್ಟು ಕಟ್ಟುನಿಟ್ಟಾಗಿ ಆರಿಸುವ ನಾಲೆ ಸೆಕೆಂಡಿಗೆ ಹತ್ತು ಕೋಟಿಯಷ್ಟು ಅಯಾನುಗಳನ್ನು ಸಾಗಿಸಬಲ್ಲದು. ನೀರಿನ ನಾಲೆಯಾದ ಅಕ್ವಾಪೋರಿನ್ ಅನ್ನು ಗುರುತಿಸಿದ ಪೀಟರ್ ಆಗ್ರೆ ಅವರೊಂದಿಗೆ ಮೆಕಿನನ್ 2003ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ನಾಲೆ ಎಷ್ಟೇ ಜಾಣವಾಗಿದ್ದರೂ ಇಳಿಜಾರಿನತ್ತ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಮಾತ್ರ ಸಾಗಿಸುತ್ತದೆ. ಆ ಇಳಿಜಾರನ್ನು ಉಂಟುಮಾಡುವುದು ಪೊರೆಯಲ್ಲೇ ಇರುವ ಇನ್ನೊಂದು ಪ್ರೋಟೀನ್, ಅದೇ ಪಂಪ್. ಏಡಿಯ ಕಾಲಿನ ನರಗಳಲ್ಲಿ ಯೆನ್ಸ್ ಸ್ಕೌ ಅದನ್ನು ಪತ್ತೆಹಚ್ಚಿ 1957ರಲ್ಲಿ ಪ್ರಕಟಿಸಿದರು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಒಂದು ಅಣುವನ್ನು ವೆಚ್ಚ ಮಾಡಿ ಈ ಪಂಪ್ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಒಳಮುಖವಾಗಿ ಒಮ್ಮೆ, ಹೊರಮುಖವಾಗಿ ಒಮ್ಮೆ ತೆರೆದುಕೊಳ್ಳುವ ಅದು ಎರಡೂ ಕಡೆ ಒಟ್ಟಿಗೆ ತೆರೆಯುವುದಿಲ್ಲ. ತೆರೆದರೆ ಅಯಾನುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಸೋರಿಹೋಗುತ್ತವೆ. ವಿಶ್ರಾಂತಿಯಲ್ಲಿರುವ ದೇಹ ಬಳಸುವ ಎಟಿಪಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತದೆ.

ದುಬಾರಿ ಅನ್ನಿಸಬಹುದು. ಆದರೆ ಹೊರಗೆ ಹೀಗೆ ಕೂಡಿಟ್ಟ ಸೋಡಿಯಂ ಒಂದು ಬಂಡವಾಳ. ಮರಳಿ ಒಳನುಗ್ಗಲು ಅದು ಸದಾ ಹವಣಿಸುತ್ತಿರುತ್ತದೆ. ಸಣ್ಣ ಕರುಳಿನ ಕೋಶಗಳಲ್ಲಿರುವ ಒಂದು ಪ್ರೋಟೀನ್ ಎರಡು ಸೋಡಿಯಂಗಳನ್ನು ಒಳಬಿಡುವಾಗ ಜೊತೆಗೊಂದು ಗ್ಲೂಕೋಸ್ ಅಣುವನ್ನೂ ಎಳೆದುಕೊಳ್ಳುತ್ತದೆ. ಇಂಥ ಜೋಡಿ ಸಾಗಣೆಯ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು.

ಇದರ ಬೆಲೆ ತಿಳಿಯುವುದು ಕಾಲರಾ ಬಂದಾಗ. ಕಾಲರಾದ ವಿಷ ಕರುಳಿನ ಕೋಶಗಳ ಕ್ಲೋರೈಡ್ ನಾಲೆಗಳನ್ನು ತೆರೆದೇ ಇರಿಸುತ್ತದೆ. ಉಪ್ಪು ಹರಿದುಹೋಗುತ್ತದೆ, ಅದರ ಹಿಂದೆ ನೀರೂ. ಆದರೆ ಗ್ಲೂಕೋಸ್–ಸೋಡಿಯಂ ಸಾಗಣೆಯನ್ನು ಆ ವಿಷ ಕೆಡಿಸುವುದಿಲ್ಲ. ಉಪ್ಪಿನ ನೀರಿಗೆ ಗ್ಲೂಕೋಸ್ ಬೆರೆಸಿ ಕುಡಿಸಿದರೆ ಸೋಡಿಯಂ ಒಳಸೇರುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ತಂಗಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ಸಾಲದೇ ಹೋದಾಗ, ಡಾ. ದಿಲೀಪ್ ಮಹಲನಾಬಿಸ್ ಈ ದ್ರಾವಣವನ್ನೇ ಕುಡಿಸಿದರು. ಅವರ ಆರೈಕೆಯಲ್ಲಿದ್ದವರ ಮರಣ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಓಆರ್‌ಎಸ್ (ಬಾಯಿಯ ಮೂಲಕ ಕುಡಿಸುವ ಇಂಥ ದ್ರಾವಣ) ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ), ಸೋಡಿಯಂ ಸಹ 75 ಮಿಲಿಮೋಲ್. ಸಕ್ಕರೆ ಜಾಸ್ತಿಯಿದ್ದರೆ ಗುಣ ಹೆಚ್ಚೆಂದು ತಿಳಿಯುವವರಿದ್ದಾರೆ. ಹೀರಿಕೆಗೆ ಮಿಕ್ಕ ಸಕ್ಕರೆ ಕರುಳಿನಲ್ಲೇ ಉಳಿದು ಮೈಯ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪುಡಿಯನ್ನು ಕಲಸಬೇಕು, ಬೇರೇನನ್ನೂ ಸೇರಿಸಬಾರದು.