ಮೂತ್ರಪಿಂಡದ ನ್ಯೂರೋಎಂಡೋಕ್ರೈನ್ ಗೆಡ್ಡೆ: ‘ಸಾದಾ ಗೆಡ್ಡೆ’ ಎನ್ನಬಹುದೇ?

2018ರ ಮಾರ್ಚ್ ತಿಂಗಳಲ್ಲಿ ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆ ಇದೆಯೆಂದು ಪ್ರಕಟಿಸಿದಾಗ, ‘ನ್ಯೂರೋ’ ಎಂದರೆ ಯಾವಾಗಲೂ ಮಿದುಳಿಗೆ ಸಂಬಂಧಿಸಿದ್ದಲ್ಲ ಎಂದು ಅದೇ ಹೇಳಿಕೆಯಲ್ಲಿ ತಿಳಿಸಿದ್ದರು. ಮುಂಬಯಿಯ ಮನೆಮನೆಗೂ ಈ ಹೆಸರು ತಲುಪಿದ್ದು ಆಗಲೇ. ನರಗಳ ಸಂದೇಶವನ್ನು ಪಡೆದು ರಕ್ತಕ್ಕೆ ಹಾರ್ಮೋನು ಬಿಡುವ ಒಂದು ಬಗೆಯ ಜೀವಕೋಶಗಳು ಕರುಳು, ಶ್ವಾಸಕೋಶ, ಮೇದೋಜೀರಕ ಗ್ರಂಥಿ ಮೊದಲಾದ ಕಡೆ ಚದುರಿಕೊಂಡಿರುತ್ತವೆ. ಅಂಥ ಕೋಶಗಳ ಗುಣವುಳ್ಳ ಗೆಡ್ಡೆಯೇ ನ್ಯೂರೋಎಂಡೋಕ್ರೈನ್ ಗೆಡ್ಡೆ.

ಮೂತ್ರಪಿಂಡದ ವಿಚಾರದಲ್ಲಿ ಒಂದು ವಿಚಿತ್ರವಿದೆ. ಆರೋಗ್ಯವಂತ ವಯಸ್ಕರ ಮೂತ್ರಪಿಂಡದ ತಿರುಳಿನಲ್ಲಿ ಸಾಮಾನ್ಯವಾಗಿ ಈ ಕೋಶಗಳೇ ಕಾಣಸಿಗುವುದಿಲ್ಲ. ಇಲ್ಲದ ಕೋಶದಿಂದ ಗೆಡ್ಡೆ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಆದ್ದರಿಂದಲೇ ಇಂಥ ಗೆಡ್ಡೆ ಕಂಡಾಗ ವೈದ್ಯರು ಮೊದಲು ನೋಡುವುದು, ಅದು ಕರುಳು ಅಥವಾ ಶ್ವಾಸಕೋಶದಲ್ಲಿ ಹುಟ್ಟಿ ಇಲ್ಲಿಗೆ ಹರಡಿಬಂದದ್ದಲ್ಲ ತಾನೇ ಎಂಬುದನ್ನು. ಮೂತ್ರಪಿಂಡದಲ್ಲೇ ಹುಟ್ಟಿದ್ದು ಬಹಳ ಅಪರೂಪ. ವೈದ್ಯಸಾಹಿತ್ಯದಲ್ಲಿ ಬಹುತೇಕ ಒಂದೊಂದೇ ರೋಗಿಯ ವರದಿಯಾಗಿ ಅದು ದಾಖಲಾಗಿದೆ. ಆ ವರದಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಕುದುರೆ ಲಾಳದ ಆಕಾರದ ಮೂತ್ರಪಿಂಡ, ಅಂದರೆ ಭ್ರೂಣದಲ್ಲಿಯೇ ಎರಡೂ ಮೂತ್ರಪಿಂಡಗಳ ಕೆಳತುದಿಗಳು ಬೆಸೆದುಕೊಂಡಿರುವ ಸ್ಥಿತಿ. ಇದು ಸುಮಾರು 500 ಮಂದಿಯಲ್ಲಿ ಒಬ್ಬರಿಗಿರುತ್ತದೆ, ಬಹುಪಾಲು ಜನರಿಗೆ ಅದರಿಂದ ತೊಂದರೆಯೂ ಆಗುವುದಿಲ್ಲ. ಹೀಗಾಗಿ ಲಾಳಾಕಾರದ ಮೂತ್ರಪಿಂಡ ಇದೆಯೆಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ.

ಇನ್ನು ‘ಸೌಮ್ಯ’, ಅಂದರೆ ಕ್ಯಾನ್ಸರಲ್ಲದ್ದು, ಎಂಬ ವಿಶೇಷಣ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಇರುವ ನಮ್ಮವರ ಮನೆಗಳಲ್ಲಿ ವರದಿ ಕೈಗೆ ಬಂದೊಡನೆ ಕೇಳುವ ಮೊದಲ ಮಾತು, ‘ಸಾದಾ ಗೆಡ್ಡೆ ತಾನೇ ಡಾಕ್ಟ್ರೇ?’ ಎಂಬುದು. ಕೇಳುವುದು ಸಹಜವೇ, ಆದರೆ ಈ ಗೆಡ್ಡೆಯ ಮಟ್ಟಿಗೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಲ್ಲಿ ಅದು ಮುಗಿಯುವುದಿಲ್ಲ. 1907ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಇಂಥ ಗೆಡ್ಡೆಗಳಿಗೆ, ಕ್ಯಾನ್ಸರಿನಂತೆ ತೋರಿದರೂ ಕ್ಯಾನ್ಸರಲ್ಲ ಎಂಬ ಅರ್ಥದಲ್ಲಿ, ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟರು. 1929ರ ಹೊತ್ತಿಗೆ ಅವು ಹರಡಲೂಬಲ್ಲವು ಎಂದು ತಾವೇ ತಿದ್ದಿದರು. ಆ ತಿದ್ದುಪಡಿಗಿಂತ ಹಳೆಯ ಹೆಸರೇ ಜನರ ಬಾಯಲ್ಲಿ ಹೆಚ್ಚು ಕಾಲ ಉಳಿಯಿತು. ಮೂತ್ರಪಿಂಡದ ಪ್ರಕರಣಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು, ನಿಜ. ಹಾಗಿದ್ದರೂ ದಾಖಲಾದವುಗಳಲ್ಲಿ ಗಣನೀಯ ಪಾಲು ರೋಗಿಗಳಿಗೆ, ಪತ್ತೆಯಾಗುವ ಹೊತ್ತಿಗೇ ಅದು ದುಗ್ಧಗ್ರಂಥಿಗೋ ಯಕೃತ್ತಿಗೋ ಹರಡಿತ್ತು. ಆದುದರಿಂದ ‘ಮಂದಗತಿಯ’ ಎಂಬುದು ಸರಿಯಾದ ಮಾತು, ‘ನಿರಪಾಯಕಾರಿ’ ಎಂಬುದು ಅವಸರದ ಮಾತು. ಮೂತ್ರಪಿಂಡದಲ್ಲಿ ಸಾಮಾನ್ಯವಾಗಿ ಸೌಮ್ಯವೆನಿಸಿಕೊಳ್ಳುವ ಆಂಕೋಸೈಟೋಮಾದಂಥ ಗೆಡ್ಡೆಗಳು ಬೇರೆಯೇ ಇವೆ. ರೆನಿನ್ ಹಾರ್ಮೋನು ಸ್ರವಿಸಿ ಎಳೆಯ ವಯಸ್ಸಿನಲ್ಲೇ ರಕ್ತದೊತ್ತಡ ಏರಿಸುವ ಗೆಡ್ಡೆಯೂ ಬಹುತೇಕ ಸೌಮ್ಯವೇ, ಆದರೆ ಅದು ನ್ಯೂರೋಎಂಡೋಕ್ರೈನ್ ಗುಂಪಿಗೆ ಸೇರಿದ್ದಲ್ಲ.

ಬಯಾಪ್ಸಿ ವರದಿಯಲ್ಲಿ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಎಂಬ ಬಣ್ಣಪರೀಕ್ಷೆಗಳ ಮುಂದೆ ‘ಪಾಸಿಟಿವ್’ ಎಂದಿದ್ದರೆ ಅದು ಕೋಶದ ಜಾತಿಯನ್ನು ಗುರುತಿಸಿದ ಮಾತು, ಅಪಾಯದ ಮಾತಲ್ಲ. ಗಮನಿಸಬೇಕಾದದ್ದು ಅದರ ಕೆಳಗಿನ ಕೆಐ-67 ಎಂಬ ಸಾಲು: ನೂರು ಗೆಡ್ಡೆಕೋಶಗಳಲ್ಲಿ ಎಷ್ಟು ವಿಭಜನೆಯ ಹಾದಿಯಲ್ಲಿವೆ ಎಂಬುದನ್ನು ಅದು ಹೇಳುತ್ತದೆ. ಜೀರ್ಣಾಂಗದ ಗೆಡ್ಡೆಗಳಿಗಾಗಿ ರೂಪುಗೊಂಡ ಅಳತೆಯಲ್ಲಿ, ಅದು ಶೇಕಡ 3ಕ್ಕಿಂತ ಕಡಿಮೆಯಿದ್ದರೆ ಒಂದನೆಯ ದರ್ಜೆ, 3ರಿಂದ 20ರವರೆಗೆ ಎರಡನೆಯದು, ಅದಕ್ಕೂ ಮೇಲಾದರೆ ಮೂರನೆಯದು. ದರ್ಜೆಯನ್ನೂ ಹಂತವನ್ನೂ ಒಂದೇ ಎಂದುಕೊಳ್ಳುವವರು ಬಹಳ. ದರ್ಜೆಯು ಬೆಳೆಯುವ ವೇಗವನ್ನು ಸೂಚಿಸುತ್ತದೆ, ಹಂತವು ಎಲ್ಲಿಯವರೆಗೆ ಹರಡಿದೆ ಎಂಬುದನ್ನು. ಒಂದನೆಯ ದರ್ಜೆಯ ಗೆಡ್ಡೆ ನಾಲ್ಕನೆಯ ಹಂತದಲ್ಲಿರುವುದೂ ಸಾಧ್ಯ.

ಹರಡುವಿಕೆಯನ್ನು ಹುಡುಕಲು ಗ್ಯಾಲಿಯಂ-68 ಬಳಸುವ ಡೋಟಾಟೇಟ್ ಪೆಟ್ ಸ್ಕ್ಯಾನ್ ಉಪಯುಕ್ತ. ಈ ಕೋಶಗಳ ಮೇಲ್ಮೈಯಲ್ಲಿರುವ, ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳಿಗೆ ಅದರಲ್ಲಿ ಕೊಡುವ ವಿಕಿರಣಯುಕ್ತ ಔಷಧ ಅಂಟಿಕೊಳ್ಳುತ್ತದೆ. ಆದರೆ ಆರೋಗ್ಯವಂತ ಮೂತ್ರಪಿಂಡವೂ ಆ ಔಷಧವನ್ನು ಹೀರುವುದರಿಂದ ಅಲ್ಲಿರುವ ಸಣ್ಣ ಗೆಡ್ಡೆ ಮರೆಯಾಗಬಹುದು, ಸಿ.ಟಿ. ಸ್ಕ್ಯಾನಿನ ಚಿತ್ರವನ್ನು ಜೊತೆಗಿಟ್ಟು ನೋಡಬೇಕಾಗುತ್ತದೆ. ಹರಡಿದ ಗೆಡ್ಡೆಗೆ ಅದೇ ಗ್ರಾಹಕಗಳ ದಾರಿಯಲ್ಲಿ ಲ್ಯುಟೀಷಿಯಂ-177 ವಿಕಿರಣವನ್ನು ಕಳಿಸುವ ಚಿಕಿತ್ಸೆಯೂ ಇದೆ. ಕಲಬುರಗಿ, ವಿಜಯಪುರದ ಕಡೆಯಿಂದಲೂ ರೋಗಿಗಳು ಬರುವ ಮುಂಬಯಿಯ ಪರೇಲಿನಲ್ಲಿ, ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮಗ್ಗುಲಲ್ಲೇ ಈ ಚಿಕಿತ್ಸೆ ನೀಡುವ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರವಿದೆ. ಆ ಲ್ಯುಟೀಷಿಯಂ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ತಯಾರಾಗುತ್ತದೆ.

ಮೂತ್ರಪಿಂಡದಲ್ಲಷ್ಟೇ ಇರುವ ಗೆಡ್ಡೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ, ಸಾಧ್ಯವಾದಲ್ಲಿ ಮೂತ್ರಪಿಂಡದ ಒಂದು ಭಾಗವನ್ನಷ್ಟೇ ತೆಗೆಯುತ್ತಾರೆ. ಅನಂತರ ಹಲವು ವರ್ಷ ತಪಾಸಣೆಗೆ ಹೋಗುತ್ತಿರಬೇಕು, ಏಕೆಂದರೆ ನಿಧಾನವಾಗಿ ಬೆಳೆಯುವ ಗೆಡ್ಡೆ ಮರುಕಳಿಸುವುದೂ ನಿಧಾನವಾಗಿಯೇ. ಆ ತಪಾಸಣೆಯಲ್ಲಿ 24 ಗಂಟೆಯ ಮೂತ್ರ ಸಂಗ್ರಹಿಸಿ ಈ ಗೆಡ್ಡೆಗಳು ಕೆಲವೊಮ್ಮೆ ಸ್ರವಿಸುವ ಸೆರೊಟೋನಿನ್ ಹಾರ್ಮೋನು ಒಡೆದು ಬಂದ ಅಂಶವನ್ನು ನೋಡುವುದಿದ್ದರೆ, ಅದಕ್ಕೆ ಮೊದಲಿನ ಎರಡು ಮೂರು ದಿನ ಬಾಳೆಹಣ್ಣು, ಅನಾನಸು, ಅಕ್ರೋಟು ತಿನ್ನಬಾರದು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಈ ಕೋಶಗಳು ರಕ್ತಕ್ಕೆ ಬಿಡುವ ಕ್ರೋಮೋಗ್ರಾನಿನ್ ಎಂಬ ಪ್ರೋಟೀನಿನ ಮಟ್ಟವನ್ನು ಸುಳ್ಳುಸುಳ್ಳೇ ಏರಿಸುವುದರಿಂದ, ಗ್ಯಾಸಿಗೆಂದು ಅವನ್ನು ನುಂಗುವ ಅಭ್ಯಾಸವಿದ್ದವರು ಆ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.