ನೀರು ಕಲ್ಲಾಗಿರುವ ಕಡೆ ಧೂಳೆಬ್ಬಿಸುವ ಧೂಮಕೇತು

ದೇವರಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ದಿನ ಕಳೆದಂತೆ ಸಣ್ಣದಾಗುತ್ತದೆ. ಕರಗಿ ನೀರಾಗುವುದಿಲ್ಲ, ಸುಮ್ನೆ ಗಾಳಿಗೆ ಸೇರಿಹೋಗುತ್ತದೆ. ಧೂಮಕೇತುವಿನ ಮಂಜುಗಡ್ಡೆಯೂ ಹಾಗೆಯೇ. ಬಿಸಿಲು ತಾಕಿದರೆ ನೇರವಾಗಿ ಅನಿಲವಾಗುತ್ತದೆ. ಹೋಗುವಾಗ ಧೂಳನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಧೂಮಕೇತು ಅಂದರೆ ಧೂಳು ಬೆರೆತ ಮಂಜಿನ ಉಂಡೆ ಎಂಬ ಈ ಚಿತ್ರವನ್ನು 1950ರಲ್ಲಿ ಕೊಟ್ಟವರು ಅಮೆರಿಕದ ಫ್ರೆಡ್ ವಿಪಲ್.

ಭೂಮಿಗೂ ಸೂರ್ಯನಿಗೂ ಇರುವ ದೂರ, ಅಂದರೆ 15 ಕೋಟಿ ಕಿ.ಮೀ., ಒಂದು ಮಾರು ಅಂತಿಟ್ಟುಕೊಳ್ಳಿ. ನೀರಿನ ಮಂಜು ಜೋರಾಗಿ ಆವಿಯಾಗಬೇಕಾದರೆ ಧೂಮಕೇತು ಸೂರ್ಯನಿಗೆ ಸುಮಾರು ಮೂರು ಮಾರಿನಷ್ಟು ಹತ್ತಿರ ಬರಬೇಕು. ಅದರಾಚೆ ನೀರು ಕಲ್ಲಿನಂತೆ ಗಟ್ಟಿ. ಹಾಗಾದರೆ ಅಲ್ಲಿ ಧೂಮಕೇತುಗಳು ಮಲಗಿರಬೇಕು, ಅಲ್ವಾ?

ಈ ಲೆಕ್ಕಕ್ಕೆ ಒಗ್ಗದ ಒಂದು ಧೂಮಕೇತು ವಿಪಲ್‌ಗಿಂತ ಮೊದಲೇ ಸಿಕ್ಕಿತ್ತು. 1927ರ ನವೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ವೀಕ್ಷಣಾಲಯದ ಶ್ವಾಸ್‌ಮನ್ ಮತ್ತು ವಾಖ್‌ಮನ್ ಅದನ್ನು ಫೋಟೋದಲ್ಲಿ ಗುರುತಿಸಿದರು. ಈಗ ಅದನ್ನು 29ಪಿ ಎನ್ನುತ್ತಾರೆ. ಗುರುಗ್ರಹದಾಚೆ, ಆರು ಮಾರು ದೂರದಲ್ಲಿ, ಹೆಚ್ಚುಕಡಿಮೆ ದುಂಡನೆಯ ದಾರಿಯಲ್ಲಿ ಸುತ್ತುತ್ತದೆ. ಸೂರ್ಯನ ಹತ್ತಿರಕ್ಕೆ ಬರುವುದೇ ಇಲ್ಲ. ಆದರೂ ವರ್ಷಕ್ಕೆ ಹಲವು ಸಲ ಸಿಡಿಯುತ್ತದೆ.

ಆ ಸಿಡಿತವನ್ನು ಫೋಟೋಗಳಲ್ಲಿ ಸಾಲಾಗಿ ನೋಡಬೇಕು. ಮೊದಲು ಮಸುಕಾದ ಮಂಜಿನ ಮಚ್ಚೆ. ಕೆಲವೇ ಗಂಟೆಗಳಲ್ಲಿ ಅದರ ನಡುವೆ ನಕ್ಷತ್ರದಂಥ ಚೂಪಾದ ಚುಕ್ಕಿ. ಮುಂದಿನ ರಾತ್ರಿಗಳಲ್ಲಿ ಆ ಚುಕ್ಕಿ ಅರಳಿ ತಟ್ಟೆಯಾಗುತ್ತದೆ. ಒಂದೆರಡು ವಾರದಲ್ಲಿ ಹರಡಿ, ತೆಳುವಾಗಿ ಮಾಸಿಹೋಗುತ್ತದೆ. 2021ರ ಸೆಪ್ಟೆಂಬರ್ ಕೊನೆಯಲ್ಲಂತೂ ಬೆನ್ನುಬೆನ್ನಿಗೇ ಸಿಡಿಯಿತು. ಇದನ್ನೆಲ್ಲ ಬಿಡದೆ ದಾಖಲಿಸುತ್ತಿರುವವರಲ್ಲಿ ಜಾಸ್ತಿ ಮಂದಿ ಹವ್ಯಾಸಿಗಳು. ಅವರ ತಾಳ್ಮೆ ಇಲ್ಲದಿದ್ದರೆ ಈ ಕಥೆಯ ಅರ್ಧ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಧೂಳನ್ನು ತಳ್ಳುತ್ತಿರುವ ಅನಿಲ ಯಾವುದು? ಉತ್ತರ ಸಿಕ್ಕಿದ್ದು 1994ರಲ್ಲಿ, ಹವಾಯಿಯ ಮೌನಾ ಕಿಯಾ ಬೆಟ್ಟದಲ್ಲಿ. ಖಗೋಳ ವಿಜ್ಞಾನಿಗಳಾದ ಮ್ಯಾಥ್ಯೂ ಸೆನೆ ಮತ್ತು ಡೇವಿಡ್ ಜುವಿಟ್ ಅಲ್ಲಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕದಲ್ಲಿ ಕಾರ್ಬನ್ ಮಾನಾಕ್ಸೈಡ್‌ನ ಗುರುತು ಹಿಡಿದರು. ಸೆಕೆಂಡಿಗೆ ಸಾವಿರ ಕಿಲೋಗಿಂತ ಜಾಸ್ತಿ ಅನಿಲ ಹೊರಬರುತ್ತಿತ್ತು. ಈ ಅನಿಲದ ಮಂಜು ಮೈನಸ್ 240 ಡಿಗ್ರಿಯ ಚಳಿಯಲ್ಲೂ ನಿಲ್ಲುವುದಿಲ್ಲ. ಹಾಗಿದ್ದರೆ ಇಷ್ಟು ಕಾಲ ಉಳಿದದ್ದು ಹೇಗೆ? ಅದು ನೀರಿನ ಮಂಜಿನೊಳಗೆ ಸಿಕ್ಕಿಕೊಂಡಿರಬೇಕು ಅನ್ನುವುದು ಒಂದು ವಿವರಣೆ. ತೀರಾ ಚಳಿಯಲ್ಲಿ ಹುಟ್ಟಿದ ಮಂಜಿನ ಕಣಗಳು ಅಡ್ಡಾದಿಡ್ಡಿಯಾಗಿರುತ್ತವೆ. ಸುಮಾರು ಮೈನಸ್ 140 ಡಿಗ್ರಿಗೆ ಬಂದಾಗ ಅವು ಸಾಲಾಗಿ ಜೋಡಿಸಿಕೊಂಡು ಹರಳಾಗುತ್ತವೆ. ಆಗ ಸಂದಿಯಲ್ಲಿದ್ದ ಅನಿಲಕ್ಕೆ ಜಾಗವಿಲ್ಲದೆ ಹೊರಗೆ ನುಗ್ಗುತ್ತದೆ.

29ಪಿ ಒಂದು ವಿಚಿತ್ರ ಅಪವಾದ ಅಂದುಕೊಂಡವರಿಗೆ ಬೇರೆ ಉದಾಹರಣೆಗಳೂ ಸಿಗತೊಡಗಿದ್ದವು. 1991ರಲ್ಲಿ, ವಾಪಸ್ ಹೋಗುತ್ತಿದ್ದ ಹ್ಯಾಲಿ 14 ಮಾರು ದೂರದಲ್ಲಿ ಇದ್ದಕ್ಕಿದ್ದಂತೆ ನೂರಾರು ಪಟ್ಟು ಬೆಳಗಿತು. 1997ರ ಬೇಸಿಗೆಯ ಸಂಜೆಗಳಲ್ಲಿ ನಾವು ಮಾಳಿಗೆ ಹತ್ತಿ ನೋಡಿದ ಹೇಲ್-ಬಾಪ್ ಪತ್ತೆಯಾದದ್ದು 1995ರಲ್ಲಿ, ಏಳು ಮಾರು ದೂರದಲ್ಲಿ. ಅಲ್ಲೇ ಅದು ಧೂಳು ಚೆಲ್ಲುತ್ತಿತ್ತು. 2017ರಲ್ಲಿ ಸಿಕ್ಕ ಕೆ2 ಧೂಮಕೇತುವಿನ ಹಳೆಯ ಚಿತ್ರ ಹುಡುಕಿದಾಗ, 2013ರಲ್ಲೇ, ಸುಮಾರು 24 ಮಾರು ದೂರದಲ್ಲೇ, ಅದರ ಸುತ್ತ ಧೂಳಿನ ಮೋಡ ಇತ್ತು. ಅಷ್ಟು ಚಳಿಯಲ್ಲಿ ಹರಳಾಗುವ ವಿವರಣೆ ನಡೆಯುವುದಿಲ್ಲ. ಅಲ್ಲಿ ಕಾರ್ಬನ್ ಮಾನಾಕ್ಸೈಡ್‌ನಂಥ ಮಂಜೇ ನೇರವಾಗಿ ಆವಿಯಾಗುತ್ತಿರಬೇಕು.

ಇಷ್ಟಾದರೂ 29ಪಿಯ ಒಗಟು ಪೂರ್ತಿ ಬಿಡಿಸಿಕೊಂಡಿಲ್ಲ. ಅನಿಲ ಜಾಸ್ತಿಯಾದಾಗ ಧೂಳೂ ಜಾಸ್ತಿಯಾಗಬೇಕಲ್ವಾ? ಕೆಲವು ಸಲ ಧೂಳು ಏಳದೆ ಅನಿಲ ಮಾತ್ರ ಉಕ್ಕಿದೆ, ಕೆಲವು ಸಲ ಅನಿಲ ಹೆಚ್ಚದೆ ಧೂಳು ಸಿಡಿದಿದೆ. ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ಕಾರ್ಬನ್ ಮಾನಾಕ್ಸೈಡ್ ಒಂದು ದಿಕ್ಕಿಗೆ, ಕಾರ್ಬನ್ ಡೈಆಕ್ಸೈಡ್ ಬೇರೆ ಎರಡು ದಿಕ್ಕಿಗೆ ಚಿಮ್ಮುತ್ತಿದ್ದವು. ಬೇರೆ ಬೇರೆ ಕಡೆ ಹುಟ್ಟಿದ ಉಂಡೆಗಳು ಅಂಟಿಕೊಂಡು ಇದಾಗಿರಬಹುದೇ ಎಂದು ಈಗ ಕೇಳುತ್ತಿದ್ದಾರೆ.