ಪೂರ್ವ ಏಷ್ಯಾ ಇತಿಹಾಸದಲ್ಲಿ ಪಿಎಚ್‌.ಡಿ.: ಎಸ್‌ಒಪಿಗಿಂತ ಮೊದಲು ಭಾಷೆಯ ಲೆಕ್ಕ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಚೀನಾ, ಜಪಾನ್ ಅಥವಾ ಕೊರಿಯಾದ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಸ್‌ಒಪಿ (ಏನನ್ನು, ಏಕೆ ಸಂಶೋಧಿಸಬೇಕೆಂದಿದ್ದೇನೆ ಎಂದು ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರ) ಬರೆಯುವುದರಿಂದ ಶುರು ಮಾಡುತ್ತಾರೆ. ಎಡವಟ್ಟು ಆಗುವುದು ಅಲ್ಲೇ. ಪ್ರವೇಶ ಸಮಿತಿಯಲ್ಲಿ ಕೂತ ಪ್ರಾಧ್ಯಾಪಕರು ಕಡತ ತೆರೆದಾಗ ಮೊದಲು ನೋಡುವುದು ಭಾಷೆಯನ್ನು: ಈ ಅಭ್ಯರ್ಥಿ ಕೇಳುತ್ತಿರುವ ಪ್ರಶ್ನೆಗೆ ಉತ್ತರ ಇರುವ ದಾಖಲೆಗಳನ್ನು ಇವರು ಓದಬಲ್ಲರೇ? ಈಗ ಆಗದಿದ್ದರೆ ಎರಡು ವರ್ಷದೊಳಗಾದರೂ ಆದೀತೇ? ಇದಕ್ಕೆ ‘ಹೌದು’ ಎನ್ನಿಸದಿದ್ದರೆ ಎಸ್‌ಒಪಿ ಎಷ್ಟು ಚೆಂದವಿದ್ದರೂ ಕಡತ ಮುಂದೆ ಹೋಗುವುದು ಕಷ್ಟ.

ಹಾಗಾಗಿ ಮೊದಲು ಆ ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅಂದಾಜಿನಂತೆ ಇಂಗ್ಲಿಷ್ ಬಲ್ಲವರು ಚೀನಿ, ಜಪಾನಿ ಅಥವಾ ಕೊರಿಯನ್ ಭಾಷೆಯಲ್ಲಿ ಕೆಲಸ ಮಾಡುವ ಮಟ್ಟ ಮುಟ್ಟಲು ಸುಮಾರು 2200 ತರಗತಿ ಗಂಟೆ ಬೇಕು. ಕಾಲೇಜಿನಲ್ಲಿ ವಾರಕ್ಕೆ 5 ಗಂಟೆಯಂತೆ 30 ವಾರ ಕಲಿತರೆ ವರ್ಷಕ್ಕೆ 150 ಗಂಟೆ. ಮೂರು ವರ್ಷವಾದರೂ 450. ಉಳಿದದ್ದನ್ನು ಬೇಸಿಗೆಯ ತೀವ್ರ ತರಬೇತಿಗಳಿಂದ, ಆ ದೇಶದಲ್ಲಿದ್ದು ಕಲಿಯುವ ಒಂದು ವರ್ಷದಿಂದ ತುಂಬಿಕೊಳ್ಳಬೇಕು. ಯೊಕೊಹಾಮಾದ ಅಂತರ-ವಿಶ್ವವಿದ್ಯಾಲಯ ಜಪಾನಿ ಕೇಂದ್ರದ ಹತ್ತು ತಿಂಗಳ ಕೋರ್ಸು, ತೈಪೆಯಲ್ಲಿ ರಾಷ್ಟ್ರೀಯ ತೈವಾನ್ ವಿಶ್ವವಿದ್ಯಾಲಯದ ಚೀನಿ ಭಾಷಾ ಕಾರ್ಯಕ್ರಮ ಇರುವುದೇ ಇಂಥವರಿಗಾಗಿ. ತೈವಾನಿನ ಶಿಕ್ಷಣ ಸಚಿವಾಲಯದ ಹುವಾಯು ವಿದ್ಯಾರ್ಥಿವೇತನ ವಿದೇಶಿಯರಿಗೆ ಮೀಸಲು. ಅಮೆರಿಕದ ಎಫ್‌ಎಲ್‌ಎಎಸ್ ಭಾಷಾ ಫೆಲೋಶಿಪ್ ಮಾತ್ರ ಅಲ್ಲಿನ ಪೌರರಿಗೂ ಕಾಯಂ ನಿವಾಸಿಗಳಿಗೂ ಸೀಮಿತ. ಹೊರದೇಶದವರು ಅದನ್ನು ನೆಚ್ಚಿ ಯೋಜನೆ ಹಾಕಬಾರದು.

ಇಷ್ಟೂ ಇಂದಿನ ಭಾಷೆಯ ಮಾತು. ಹಳೆಯ ದಾಖಲೆಗಳದು ಬೇರೆಯೇ ಪ್ರಪಂಚ. ಜೊಸಾನ್ ಕೊರಿಯಾದ (1392–1910) ಆಸ್ಥಾನ ಬರೆದದ್ದು ಹನ್‌ಮುನ್‌ನಲ್ಲಿ, ಅಂದರೆ ಅಭಿಜಾತ ಚೀನಿಯಲ್ಲಿ. ಇಂದಿನ ಕೊರಿಯನ್ ಎಷ್ಟೇ ಸರಾಗವಾಗಿ ಬಂದರೂ ಅದರ ಒಂದು ಸಾಲೂ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಜಪಾನಿ ಆಳ್ವಿಕೆಯ ಕೊರಿಯಾ (1910–1945) ನಿಮ್ಮ ವಿಷಯವಾದರೆ ಆಡಳಿತದ ಕಾಗದಗಳು ಜಪಾನಿಯಲ್ಲಿವೆ. 1895ರಿಂದ 1945ರವರೆಗಿನ ತೈವಾನಿಗೂ ಇದೇ ಮಾತು. ಟೊಕುಗಾವ ಕಾಲದ (1603–1868) ಊರಿನ ದಾಖಲೆ ಓದಲು ಅಭಿಜಾತ ಜಪಾನಿ ವ್ಯಾಕರಣದ ಜೊತೆಗೆ ಸೊರೊಬುನ್ ಎಂಬ ಪತ್ರಶೈಲಿ ಗೊತ್ತಿರಬೇಕು, ಕೈಬರಹವಾದರೆ ಕುಜುಶಿಜಿ ಎಂಬ ಮೋಡಿ ಅಕ್ಷರ ಓದಲೂ ಬರಬೇಕು. ಚೀನಾದ ಛಿಂಗ್ ಸಾಮ್ರಾಜ್ಯದ (1644–1912) ಗಡಿನಾಡು ಅಥವಾ ಸೇನೆಯ ಬಗ್ಗೆ ಬರೆಯುವವರಿಗೆ ಅದರ ಅರಸರ ಮಂಚು ಭಾಷೆ ಬೇಕು, ಏಕೆಂದರೆ ಮಂಚು ಕಾಗದಗಳಲ್ಲಿರುವ ಎಷ್ಟೋ ಸಂಗತಿಗಳು ಚೀನಿ ಕಡತಗಳಲ್ಲಿ ಇಲ್ಲ. ಇದನ್ನೆಲ್ಲ ಅರ್ಜಿಗೆ ಮುಂಚೆಯೇ ಕಲಿತಿರಬೇಕೆಂದು ಯಾರೂ ಬಯಸುವುದಿಲ್ಲ. ಮೂರು ವರ್ಷದ ಆಧುನಿಕ ಭಾಷೆ, ಒಂದು ವರ್ಷದ ಅಭಿಜಾತ ಭಾಷೆ, ಉಳಿದದ್ದಕ್ಕೆ ನಂಬುವಂಥ ಯೋಜನೆ ಇದ್ದರೆ ಅರ್ಜಿ ಗಟ್ಟಿ. ಆಧುನಿಕ ಭಾಷೆಯೇ ಎರಡನೆಯ ವರ್ಷದಲ್ಲಿದ್ದರೆ ಅರ್ಜಿಯನ್ನು ಒಂದು ವರ್ಷ ಮುಂದೂಡುವುದು ಜಾಣತನ.

ಪ್ರಮಾಣಪತ್ರಗಳಿಗೆ ಸಮಿತಿ ಕೊಡುವ ಬೆಲೆ ಅಭ್ಯರ್ಥಿಗಳು ಅಂದುಕೊಂಡಷ್ಟಿಲ್ಲ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಅತಿ ಮೇಲಿನ ಹಂತ ಎನ್1 ಪಾಸಾಗಿರುವುದು ಒಳ್ಳೆಯದೇ, ಆದರೆ ಆ ಪರೀಕ್ಷೆಯಲ್ಲಿ ಮಾತೂ ಇಲ್ಲ, ಬರವಣಿಗೆಯೂ ಇಲ್ಲ. ‘ಈ ಪತ್ರಿಕೆಯ ಈ ವರ್ಷಗಳ ಸಂಚಿಕೆಗಳನ್ನು ಮೂಲದಲ್ಲಿ ಓದಿದ್ದೇನೆ’ ಎಂಬ ಒಂದು ಸಾಲು ಅದಕ್ಕಿಂತ ತೂಕದ್ದು. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದು ಸುಲಭ. ನಿಮ್ಮ ವಿಷಯದ ಮೇಲೆ ಆ ಭಾಷೆಯಲ್ಲೇ ಬಂದ ಇಪ್ಪತ್ತು ಪುಟದ ಸಂಶೋಧನ ಲೇಖನವೊಂದನ್ನು ಎತ್ತಿಕೊಳ್ಳಿ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ದಿನದಲ್ಲಿ ಮುಗಿದರೆ ಸರಿ; ಎರಡು ವಾರ ಹಿಡಿದರೆ ಪಿಎಚ್‌.ಡಿ.ಯ ಓದಿನ ಹೊರೆ ಹೊರುವುದು ಕಷ್ಟ.

ಇನ್ನು ಯಾವ ಬಾಗಿಲು ಬಡಿಯಬೇಕು ಎಂಬುದು. ಒಂದೇ ವಿಶ್ವವಿದ್ಯಾಲಯದಲ್ಲಿ ಚೀನಾದ ಇತಿಹಾಸ ಎರಡು ಕಡೆ ಇರಬಹುದು: ಇತಿಹಾಸ ವಿಭಾಗದಲ್ಲಿ ಮತ್ತು ಪೂರ್ವ ಏಷ್ಯಾ ಭಾಷೆ–ನಾಗರಿಕತೆಗಳ ವಿಭಾಗದಲ್ಲಿ. ಪ್ರಿನ್ಸ್‌ಟನ್‌ನ ಪೂರ್ವ ಏಷ್ಯಾ ಅಧ್ಯಯನ ವಿಭಾಗದಲ್ಲಿ ಇತಿಹಾಸಕಾರರೂ ಇದ್ದಾರೆ. ಹಾರ್ವರ್ಡ್‌ನಲ್ಲಿ ಇತಿಹಾಸ ಮತ್ತು ಪೂರ್ವ ಏಷ್ಯಾ ಭಾಷೆಗಳು ಎಂಬ ಜಂಟಿ ಪಿಎಚ್‌.ಡಿ.ಯೇ ಇದೆ. ವ್ಯತ್ಯಾಸ ಫಲಕದಲ್ಲಷ್ಟೇ ಇಲ್ಲ. ಇತಿಹಾಸ ವಿಭಾಗ ಸೇರಿದರೆ ಯುರೋಪು, ಲ್ಯಾಟಿನ್ ಅಮೆರಿಕ ಓದುವವರ ಜೊತೆ ಸೆಮಿನಾರು, ಅರ್ಹತಾ ಪರೀಕ್ಷೆಗೆ ಸಾಮಾನ್ಯವಾಗಿ ಪೂರ್ವ ಏಷ್ಯಾದ ಹೊರಗಿನ ಒಂದು ಕ್ಷೇತ್ರ, ವಿಶ್ವ ಇತಿಹಾಸದ ತರಗತಿಗಳಲ್ಲಿ ಬೋಧನಾ ಸಹಾಯಕರ ಕೆಲಸ. ಭಾಷೆ–ನಾಗರಿಕತೆ ವಿಭಾಗದಲ್ಲಿ ಪಠ್ಯವನ್ನು ಸಾಲುಸಾಲಾಗಿ ಓದುವ ಸೆಮಿನಾರು ಹೆಚ್ಚು, ಭಾಷಾ ನಿಯಮವೂ ಬಿಗಿ. ನಮ್ಮ ಅಭಿಪ್ರಾಯ ಹೀಗಿದೆ: ಹತ್ತೊಂಬತ್ತು–ಇಪ್ಪತ್ತನೆಯ ಶತಮಾನ ನಿಮ್ಮದಾದರೆ, ಮುಂದೆ ಇತಿಹಾಸ ವಿಭಾಗದಲ್ಲೇ ಕೆಲಸ ಬೇಕೆಂದಿದ್ದರೆ, ಇತಿಹಾಸ ವಿಭಾಗವೇ ಮೇಲು. ಚೀನಾದ ತಾಂಗ್, ಸೋಂಗ್, ಜಪಾನಿನ ಹೆಯಾನ್‌ನಂಥ ಹಳೆಯ ಕಾಲಗಳನ್ನು ಓದುವವರಿಗೆ ಎರಡನೆಯದು ಹಿಡಿಸುತ್ತದೆ. ಒಂದೇ ವಿಶ್ವವಿದ್ಯಾಲಯದ ಎರಡೂ ವಿಭಾಗಗಳಿಗೆ ಅರ್ಜಿ ಹಾಕಲು ಎಷ್ಟೋ ಕಡೆ ಅವಕಾಶವಿಲ್ಲ, ಆದ್ದರಿಂದ ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಎಂ.ಎ. ಮೊದಲು ಮಾಡಬೇಕೇ? ಅಮೆರಿಕದಲ್ಲಿ ಪದವಿಯಿಂದ ನೇರ ಪಿಎಚ್‌.ಡಿ.ಗೆ ಸೇರಬಹುದು, ನಡುವೆ ಎಂ.ಎ. ಸಿಗುತ್ತದೆ. ಪ್ರತ್ಯೇಕ ಎಂ.ಎ. ಕಾರ್ಯಕ್ರಮಗಳು (ಹಾರ್ವರ್ಡ್‌ನ ಪೂರ್ವ ಏಷ್ಯಾ ಪ್ರಾದೇಶಿಕ ಅಧ್ಯಯನ ಎರಡು ವರ್ಷದ್ದು) ಭಾಷೆ ಹಿಂದೆ ಬಿದ್ದವರಿಗೆ, ಬೇರೆ ವಿಷಯದಿಂದ ಬಂದವರಿಗೆ ಒಳ್ಳೆಯ ಮೆಟ್ಟಿಲು. ಆದರೆ ಪಿಎಚ್‌.ಡಿ.ಗೆ ಶುಲ್ಕ ಮಾಫಿಯೂ ಸ್ಟೈಪೆಂಡೂ ಸಿಕ್ಕರೆ, ಎಂ.ಎ.ಗೆ ಬಹುಪಾಲು ಕೈಯಿಂದಲೇ ಹಾಕಬೇಕು. ಪಿಎಚ್‌.ಡಿ. ಸಿಗಲಿಲ್ಲವೆಂದು ಸಾಲ ಮಾಡಿ ಎಂ.ಎ.ಗೆ ಹೋಗುವ ಮೊದಲು, ಅಷ್ಟೇ ಕಾಲವನ್ನು ತೈಪೆಯಲ್ಲೋ ಸಿಯೋಲ್‌ನಲ್ಲೋ ವಿದ್ಯಾರ್ಥಿವೇತನದ ಮೇಲೆ ಕಳೆಯಬಹುದೇ ಎಂದು ನೋಡಿ.

ಗೈಡ್ ಹುಡುಕುವಾಗ ಅವರ ಇಪ್ಪತ್ತು ವರ್ಷದ ಹಿಂದಿನ ಪ್ರಸಿದ್ಧ ಪುಸ್ತಕಕ್ಕೆ ಮಾರುಹೋಗುವವರೇ ಹೆಚ್ಚು. ನೋಡಬೇಕಾದದ್ದು ಈಚಿನ ಐದು ವರ್ಷದ ಲೇಖನಗಳನ್ನು ಮತ್ತು ಅವರ ಕೈಕೆಳಗೆ ಮುಗಿದ ಪ್ರಬಂಧಗಳನ್ನು. ಪ್ರೊಕ್ವೆಸ್ಟ್‌ನ ಪ್ರಬಂಧ ಸಂಗ್ರಹದಲ್ಲಿ ಗೈಡ್ ಹೆಸರಿನಿಂದ ಹುಡುಕಬಹುದು. ಒಂದೆರಡು ಪ್ರಬಂಧಗಳ ಕೃತಜ್ಞತೆಯ ಪುಟ ಓದಿ: ಸಮಿತಿಯಲ್ಲಿ ಇನ್ನು ಯಾರಿದ್ದರು, ಹಣ ಎಲ್ಲಿಂದ ಬಂತು, ಎಷ್ಟು ವರ್ಷ ಹಿಡಿಯಿತು ಎಲ್ಲವೂ ಅಲ್ಲಿ ಸಿಗುತ್ತದೆ. ಒಬ್ಬರನ್ನೇ ನೆಚ್ಚಿ ಅರ್ಜಿ ಹಾಕಬೇಡಿ. ಅವರು ನಿವೃತ್ತರಾಗಬಹುದು, ಬೇರೆಡೆ ಹೋಗಬಹುದು. ನಿಮ್ಮ ಕೆಲಸ ಓದಬಲ್ಲ ಇನ್ನೊಬ್ಬರಾದರೂ ಅಲ್ಲಿರಲಿ.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇಮೇಲ್ ಬರೆಯಿರಿ. ನೂರೈವತ್ತು ಪದ ಸಾಕು: ನೀವು ಯಾರು, ಪ್ರಶ್ನೆ ಏನು, ಯಾವ ಭಾಷೆ ಎಲ್ಲಿಗೆ ಬಂದಿದೆ, ಈ ವರ್ಷ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. ಕೊನೆಯ ಪ್ರಶ್ನೆ ಔಪಚಾರಿಕವಲ್ಲ. ಕೊರೋನಾ ಕಾಲದಲ್ಲಿ ಹಲವು ಮಾನವಿಕ ವಿಭಾಗಗಳು ಒಂದು ವರ್ಷ ಪ್ರವೇಶವನ್ನೇ ನಿಲ್ಲಿಸಿದ್ದವು. 2025ರಲ್ಲೂ ಕೆಲವು ವಿಶ್ವವಿದ್ಯಾಲಯಗಳು ಸೀಟು ಕಡಿತ ಮಾಡಿವೆ ಅಥವಾ ಪ್ರವೇಶ ತಡೆಹಿಡಿದಿವೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಸುಮ್ಮನಿರಿ. ಉತ್ತರ ಬಾರದ ಕಡೆಯೂ ಪ್ರವೇಶ ಸಿಕ್ಕೀತು.

ಈಗ ಎಸ್‌ಒಪಿ. ಸಾಮಾನ್ಯವಾಗಿ ಸಾವಿರ ಪದದ ಆಸುಪಾಸು. ಬಾಲ್ಯದಲ್ಲಿ ನೋಡಿದ ಅನಿಮೆ, ಮೊದಲ ಬೀಜಿಂಗ್ ಪ್ರವಾಸ, ‘ಪ್ರಾಚೀನ ನಾಗರಿಕತೆಯ ಮೋಹ’ ಇವುಗಳಿಂದ ಶುರುವಾಗುವ ಪತ್ರಗಳನ್ನು ಸಮಿತಿ ಕಂತೆಗಟ್ಟಲೆ ಓದಿರುತ್ತದೆ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಬರಲಿ. ‘ಚೀನಾದ ಆಧುನಿಕೀಕರಣವನ್ನು ಅಧ್ಯಯನ ಮಾಡಬೇಕೆಂದಿದ್ದೇನೆ’ ಎನ್ನುವುದು ಪ್ರಶ್ನೆಯಲ್ಲ, ಗ್ರಂಥಾಲಯದ ಒಂದು ಕಪಾಟಿನ ಹೆಸರು. ಹೀಗೆ ನೋಡಿ: 1901ರ ನಂತರದ ಛಿಂಗ್ ಸುಧಾರಣೆಗಳಲ್ಲಿ ದೇವಾಲಯಗಳ ಆಸ್ತಿಯನ್ನು ಹೊಸ ಶಾಲೆಗಳಿಗೆ ತಿರುಗಿಸಲಾಯಿತು, ಜಿಯಾಂಗ್ಸು ಪ್ರಾಂತ್ಯದ ಪೇಟೆಗಳಲ್ಲಿ ಆ ಹಣದ ಲೆಕ್ಕ ಯಾರ ಕೈಗೆ ಹೋಯಿತು, ಅರ್ಚಕರೂ ಊರವರೂ ಅದನ್ನು ಹೇಗೆ ಎದುರಿಸಿದರು? ಇದರಲ್ಲಿ ಕಾಲ, ಸ್ಥಳ, ಜನ ಇದ್ದಾರೆ. ಆಕರಗಳೂ ಕಣ್ಣಿಗೆ ಕಾಣುತ್ತವೆ: ಸ್ಥಳೀಯ ಗ್ಯಾಝೆಟಿಯರ್‌ಗಳು, 1872ರಿಂದ 1949ರವರೆಗೆ ಶಾಂಘೈಯಲ್ಲಿ ನಡೆದ ‘ಶೆನ್‌ಬಾವೊ’ ಪತ್ರಿಕೆ. ಮೂರು ವರ್ಷದ ನಂತರ ನೀವು ಬೇರೇನೋ ಬರೆಯುತ್ತಿರಬಹುದು, ಅದು ಸಮಿತಿಗೂ ಗೊತ್ತು. ಅವರಿಗೆ ಬೇಕಾಗಿರುವುದು ನೀವು ಪ್ರಶ್ನೆ ಕೇಳಬಲ್ಲಿರಿ ಎಂಬ ಪುರಾವೆ.

ಆಕರ ಇದೆ ಎನ್ನುವುದು ಬೇರೆ, ಅದು ನಿಮ್ಮ ಕೈಗೆ ಸಿಗುತ್ತದೆ ಎನ್ನುವುದು ಬೇರೆ. ಚೀನಾದ ವಿದೇಶಾಂಗ ಸಚಿವಾಲಯದ ಪತ್ರಾಗಾರ 2004ರಿಂದ ಹಂತಹಂತವಾಗಿ ತೆರೆದುಕೊಂಡು, 2012–13ರ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿಕೊಂಡಿತು. ಅದರ ಮೇಲೆಯೇ ನಿಂತ ಯೋಜನೆ ಕೊಟ್ಟರೆ, ಅಭ್ಯರ್ಥಿ ಹತ್ತು ವರ್ಷ ಹಿಂದಿನ ಪುಸ್ತಕದ ಅಡಿಟಿಪ್ಪಣಿ ನೋಡಿ ಬರೆದಿದ್ದಾರೆ ಎಂದು ಓದುವವರಿಗೆ ತಿಳಿದುಬಿಡುತ್ತದೆ. ಚೀನಾವನ್ನೂ ಆಮೇಲೆ ತೈವಾನನ್ನೂ ಆಳಿದ ಚಿಯಾಂಗ್ ಕೈ-ಶೆಕ್ ದಿನಚರಿಗಳು ವರ್ಷಗಟ್ಟಲೆ ಸ್ಟ್ಯಾನ್‌ಫರ್ಡ್‌ನ ಹೂವರ್ ಸಂಸ್ಥೆಯಲ್ಲಿದ್ದು, 2023ರಲ್ಲಿ ತೈಪೆಗೆ ಮರಳಿದವು. ‘ಹೂವರ್ ಹತ್ತಿರವಿದೆ, ಅದಕ್ಕೇ ಸ್ಟ್ಯಾನ್‌ಫರ್ಡ್’ ಎಂಬ ವಾದ ಅಲ್ಲಿಗೆ ಸಡಿಲವಾಯಿತು. ಇನ್ನೊಂದು ಕಡೆ, ಜಪಾನಿನ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ 2001ರಿಂದ ಸರ್ಕಾರಿ ಕಡತಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಜೊಸಾನ್ ರಾಜವಂಶದ ವಾರ್ಷಿಕ ದಾಖಲೆಗಳೂ ಹಾಗೇ ಸಿಗುತ್ತವೆ. ಅರ್ಜಿಗೆ ಮುಂಚೆ ಇವುಗಳಿಂದ ಹತ್ತು ದಾಖಲೆಯಾದರೂ ಓದಿ, ಅದರಲ್ಲಿ ಕಂಡ ಒಂದು ಗಂಟನ್ನು ಎಸ್‌ಒಪಿಯಲ್ಲಿ ಎರಡು ಸಾಲಿನಲ್ಲಿ ಹೇಳಿ. ಕೊನೆಯ ಪ್ಯಾರಾದಲ್ಲಿ ಆ ವಿಭಾಗ ಏಕೆ ಎಂಬುದು ಬರಲಿ. ಇಬ್ಬರು ಅಥವಾ ಮೂವರ ಹೆಸರು, ಅವರ ಕೆಲಸಕ್ಕೂ ನಿಮ್ಮ ಪ್ರಶ್ನೆಗೂ ಇರುವ ನಂಟು, ಅಷ್ಟು ಸಾಕು. ಆರು ಹೆಸರು ಸುರಿದರೆ ವಿಭಾಗದ ಪುಟವನ್ನು ನಕಲು ಮಾಡಿದಂತೆ ಕಾಣುತ್ತದೆ.

ರೈಟಿಂಗ್ ಸ್ಯಾಂಪಲ್, ಅಂದರೆ ಅರ್ಜಿಯ ಜೊತೆ ಕಳಿಸುವ ನಿಮ್ಮ ಸಂಶೋಧನ ಬರಹದ ಮಾದರಿಯ ಬಗ್ಗೆ ಅಭ್ಯರ್ಥಿಗಳು ಕೊನೆಯ ವಾರ ಯೋಚಿಸುತ್ತಾರೆ. ಸಮಿತಿ ಅದನ್ನೇ ಹೆಚ್ಚು ಹೊತ್ತು ಓದುತ್ತದೆ. ಮಿತಿ ಇಪ್ಪತ್ತರಿಂದ ಮೂವತ್ತು ಪುಟದ ಸುತ್ತ ಇರುತ್ತದೆ, ಪ್ರತಿ ವಿಭಾಗದ ನಿಯಮ ಬೇರೆ. ಮೂಲ ಭಾಷೆಯ ಆಕರ ಬಳಸಿದ ಬರಹವೇ ಇರಲಿ. ಇಂಗ್ಲಿಷ್ ಅನುವಾದಗಳನ್ನೇ ಆಧರಿಸಿದ ಅತ್ಯುತ್ತಮ ಪ್ರಬಂಧಕ್ಕಿಂತ ಮೂಲ ಓದಿ ಬರೆದ ಸುಮಾರಾದ ಪ್ರಬಂಧ ಮೇಲು. ಎಂಬತ್ತು ಪುಟದ ಪ್ರಬಂಧದಿಂದ ಒಂದು ಅಧ್ಯಾಯ ಕತ್ತರಿಸುವುದಾದರೆ, ಅದು ಎಲ್ಲಿಂದ ಬಂತು, ಮೊದಲು ಏನು ವಾದಿಸಲಾಗಿದೆ ಎಂಬ ಅರ್ಧ ಪುಟದ ಟಿಪ್ಪಣಿ ಮುಂದೆ ಸೇರಿಸಿ. ರೋಮನ್ ಅಕ್ಷರಕ್ಕೆ ಲಿಪ್ಯಂತರ ಒಂದೇ ಪದ್ಧತಿಯಲ್ಲಿರಲಿ: ಚೀನಿಗೆ ಪಿನ್‌ಯಿನ್, ಜಪಾನಿಗೆ ದೀರ್ಘಸ್ವರದ ಗೆರೆ ಸಹಿತ ಹೆಪ್‌ಬರ್ನ್, ಕೊರಿಯನ್‌ಗೆ ಮೆಕ್‌ಕ್ಯೂನ್–ರೈಷಾವರ್ ಅಥವಾ 2000ದ ಪರಿಷ್ಕೃತ ಪದ್ಧತಿ. ಹಳೆಯ ಪುಸ್ತಕಗಳಿಂದ ಹೆಸರು ಎತ್ತಿಕೊಂಡಾಗ ಚೀನಿಯ ಹಳೆಯ ಲಿಪ್ಯಂತರ ಪದ್ಧತಿಯಾದ ವೇಡ್–ಜೈಲ್ಸ್ ರೂಪ ನುಸುಳಿ, ಒಬ್ಬನೇ ವ್ಯಕ್ತಿ ಎರಡು ಕಾಗುಣಿತದಲ್ಲಿ ಇಬ್ಬರಾಗಿಬಿಡುತ್ತಾನೆ. ಪಿಡಿಎಫ್‌ ಮಾಡುವಾಗ ಫಾಂಟ್ ಒಳಸೇರಿಸದಿದ್ದರೆ ಚೀನಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿಯೇ ಅಪ್‌ಲೋಡ್ ಮಾಡಿ.

ಶಿಫಾರಸು ಪತ್ರ ಮೂರು. ಎರಡು ನಿಮ್ಮ ಸಂಶೋಧನ ಬರಹ ಓದಿದವರಿಂದ ಬರಲಿ. ಮೂರನೆಯದಕ್ಕೆ ಅಭಿಜಾತ ಭಾಷೆ ಅಥವಾ ಮೇಲ್ಮಟ್ಟದ ಪಠ್ಯ ಕಲಿಸಿದವರು ಸೂಕ್ತ. ಹೆಸರಾಂತರಾದರೂ ನಿಮ್ಮನ್ನು ತರಗತಿಯ ಹಾಜರಿಯಿಂದಷ್ಟೇ ಬಲ್ಲವರ ಪತ್ರ ಅರ್ಜಿಯನ್ನು ತೆಳುವಾಗಿಸುತ್ತದೆ. ಆರರಿಂದ ಎಂಟು ವಾರ ಮುಂಚೆ ಕೇಳಿ. ಎಸ್‌ಒಪಿ ಕರಡು, ಸ್ಯಾಂಪಲ್, ಕೊನೆಯ ದಿನಗಳ ಪಟ್ಟಿ ಒಟ್ಟಿಗೆ ಕೊಡಿ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಫಾರ್ಮು ಕೇಳುತ್ತದೆ, ‘ಹೌದು’ ಎನ್ನಿ. ಗುಟ್ಟಾಗಿರದ ಪತ್ರಕ್ಕೆ ಬೆಲೆ ಕಡಿಮೆ.

ಜಿಆರ್‌ಇ ಪ್ರವೇಶ ಪರೀಕ್ಷೆಯನ್ನು ಬಹಳಷ್ಟು ಇತಿಹಾಸ ವಿಭಾಗಗಳು ಕೈಬಿಟ್ಟಿವೆ. ಕೇಳುವವರು ಕೇಳುತ್ತಾರೆ, ನೋಡಿಕೊಳ್ಳಿ. ಟೋಫೆಲ್, ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ಊರ್ಜಿತ. ಇಂಗ್ಲಿಷ್ ಮಾಧ್ಯಮದ ಪದವಿಗೆ ವಿನಾಯಿತಿ ಉಂಟೇ ಎಂಬುದು ವಿಶ್ವವಿದ್ಯಾಲಯಕ್ಕೊಂದು ಥರ. ಅರ್ಜಿ ಶುಲ್ಕ ಒಂದಕ್ಕೆ ನೂರು ಡಾಲರ್ ಆಸುಪಾಸು ಆಗುವುದರಿಂದ ಶುಲ್ಕ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ, ಅದಕ್ಕೆ ಪ್ರತ್ಯೇಕ ಕೊನೆಯ ದಿನ ಇರಬಹುದು. ಮುಖ್ಯ ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್. ಬ್ರಿಟನ್ನಿನ ಕ್ರಮ ಬೇರೆ: ಅಲ್ಲಿ ಕೋರ್ಸ್‌ವರ್ಕ್ ಅತ್ಯಲ್ಪ, ಮೂರು–ನಾಲ್ಕು ವರ್ಷದಲ್ಲಿ ಪ್ರಬಂಧ, ಪೂರ್ಣ ಸಂಶೋಧನ ಪ್ರಸ್ತಾವ ಮೊದಲೇ ಬೇಕು. ಭಾಷೆ ಅಲ್ಲಿ ಹೋಗಿ ಕಲಿಯುತ್ತೇನೆ ಎನ್ನುವವರಿಗೆ ಅದು ಆಗಿಬರುವುದಿಲ್ಲ.

ಫಲಿತಾಂಶ ಫೆಬ್ರುವರಿ–ಮಾರ್ಚ್‌ನಲ್ಲಿ ಬರುತ್ತದೆ. ಗ್ರ್ಯಾಜುಯೇಟ್ ಸ್ಕೂಲುಗಳ ಪರಿಷತ್ತಿನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ರ ಮುಂಚೆ ಉತ್ತರ ಕೊಡುವಂತೆ ಒತ್ತಾಯಿಸುವಂತಿಲ್ಲ. ಆ ಸಮಯದಲ್ಲಿ ಕೇಳಿ: ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಬೇಸಿಗೆಯ ಭಾಷಾ ತರಬೇತಿಗೆ ಹಣ ಯಾರದು, ಪತ್ರಾಗಾರದ ವರ್ಷದಲ್ಲಿ ವಿಮೆ ನಿಲ್ಲುತ್ತದೆಯೇ, ಐದನೆಯ ವರ್ಷದ ನಂತರ ಏನು, ಈಚೆಗೆ ಪದವಿ ಪಡೆದವರು ಎಲ್ಲಿ ಕೆಲಸದಲ್ಲಿದ್ದಾರೆ. ಕೊನೆಯ ಪ್ರಶ್ನೆಗೆ ವಿಭಾಗ ತಡವರಿಸಿದರೆ ಅದನ್ನೂ ಉತ್ತರವೆಂದೇ ತಿಳಿಯಿರಿ, ಏಕೆಂದರೆ 2008ರ ಆರ್ಥಿಕ ಕುಸಿತದಿಂದೀಚೆಗೆ ಇತಿಹಾಸ ಬೋಧನೆಯ ಕಾಯಂ ಹುದ್ದೆಗಳು ಇಳಿದಿವೆ.

ಎಲ್ಲ ಕಡೆ ನಿರಾಕರಣೆ ಬಂದರೆ, ನೀವು ಮೊದಲು ಇಮೇಲ್ ಬರೆದಿದ್ದ ಗೈಡುಗಳಲ್ಲಿ ಒಬ್ಬಿಬ್ಬರಿಗೆ ಏಪ್ರಿಲ್ ಕೊನೆಯಲ್ಲಿ ಎರಡು ಸಾಲು ಬರೆದು ಯಾವುದು ಕಡಿಮೆ ಬಿತ್ತೆಂದು ಕೇಳಬಹುದು; ಕೆಲವರು ನೇರವಾಗಿ ಹೇಳುತ್ತಾರೆ. ಮುಂದಿನ ಡಿಸೆಂಬರಿಗೆ ಅದೇ ಕಡತವನ್ನು ತಿದ್ದಿ ಕಳಿಸುವುದರಲ್ಲಿ ಫಲವಿಲ್ಲ. ಒಂದು ವರ್ಷದ ಹೆಚ್ಚಿನ ಭಾಷೆ, ಮೂಲ ಆಕರದ ಮೇಲೆ ಹೊಸ ಸ್ಯಾಂಪಲ್, ಎರಡನೆಯ ಬಾರಿ ಕಡತ ತೆರೆದವರಿಗೆ ಇವೆರಡೂ ಕಾಣಬೇಕು.